ಊರು ಬೈಪಾಸಾಯ್ತು, ಮಣಿ ಮಾತ್ರ ಉರುಳ್ತಾ ಇದೆ!

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೇ ರಸ್ತೆಯ ಬಸ್ಸು ಹತ್ತಿದವರಿಗೆ ಚನ್ನಪಟ್ಟಣ ಬಂತು ಅಂತ ಕಂಡಕ್ಟರ್ ಕೂಗಿ ಹೇಳಬೇಕಾಗಿಲ್ಲ. ಕಿಟಕಿಯಾಚೆ ಬಣ್ಣದ ಮರದ ಕುದುರೆಗಳು ಅಂಗಡಿ ಮುಂದೆ ಸಾಲಾಗಿ ನಿಂತಿದ್ದು ಕಂಡರೆ ಸಾಕು, ಊರು ಬಂತು ಎಂದೇ ಲೆಕ್ಕ. ತೂಗುಕುದುರೆ, ಬುಗುರಿ, ಗಿಲಕಿ, ಕೂಸಿಗೆ ನಡೆಯೋದು ಕಲಿಸುವ ಮೂರು ಗಾಲಿಯ ಬಂಡಿ... ಇವನ್ನು ನೋಡದೆ ಬೆಳೆದ ಮಕ್ಕಳು ಈ ದಾರಿಯ ಆಜುಬಾಜು ಊರುಗಳಲ್ಲಿ ಕಡಿಮೆ.

ಆದರೆ ಅದೇ ಅಂಗಡಿಯ ಒಳಗೆ, ಗಲ್ಲಾಪೆಟ್ಟಿಗೆ ಪಕ್ಕದ ಮೊಳೆಗೆ ತೂಗುಬಿದ್ದಿರುವ ಇನ್ನೊಂದು ಸರಕಿನ ಕಡೆ ಬಸ್ಸಿನವರ ಕಣ್ಣು ಬೀಳೋದು ಅಪರೂಪ. ಅದು ಮರದ ಮಣಿಸರ. ಜತೆಗೆ ಮಣಿಯ ಓಲೆ, ಮರದ ಬಳೆ, ಜಡೆಗೆ ಸಿಕ್ಕಿಸುವ ಕಡ್ಡಿ. ಗೊಂಬೆಯ ಊರಿನಲ್ಲಿ ಇವೆಲ್ಲ ಗೊಂಬೆಯ ತಮ್ಮ ತಂಗಿಯರಿದ್ದಂತೆ. ಮರ ಅದೇ, ಅರಗು ಅದೇ, ಲೇತು ಅದೇ, ಕೈಯೂ ಅದೇ. ಗಾತ್ರ ಮಾತ್ರ ಚಿಕ್ಕದು.

ಈ ಮಣಿಗಳ ಬಣ್ಣ ನೋಡಬೇಕು. ಅರಿಶಿನದ ಹಳದಿ, ಹಣ್ಣಾದ ಕಿತ್ತಳೆಯ ಬಣ್ಣ, ಮಂಜಿಷ್ಠದ ಕೆಂಪು, ಕಾಚಿನ ಕಂದು. ಅಮೆರಿಕ, ಯುರೋಪಿನ ಚಳಿನಾಡುಗಳಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮರದ ಎಲೆಗಳು ಉದುರುವ ಮುಂಚೆ ಇದೇ ಬಣ್ಣಕ್ಕೆ ತಿರುಗುತ್ತವೆ. ಅಲ್ಲಿ ಕೈಯಿಂದ ಒಡವೆ ಕಟ್ಟುವವರು ಆ ಕಾಲ ಬಂತೆಂದರೆ ಆ ಬಣ್ಣದ ಮಣಿ ಹುಡುಕುತ್ತಾರೆ. ನಮ್ಮ ಕಡೆ ಶರತ್ಕಾಲದಲ್ಲಿ ಎಲೆ ಉದುರೋದಿಲ್ಲ, ಅದೇನಿದ್ದರೂ ಶಿವರಾತ್ರಿ ಆಸುಪಾಸಿನ ಮಾತು. ನಮಗೆ ಶರತ್ಕಾಲ ಅಂದರೆ ದಸರಾ, ದೀಪಾವಳಿ. ಹಾಗಂತ ಬಣ್ಣವೇನೂ ಬೇರೆಯಲ್ಲ. ಆಯುಧಪೂಜೆಗೆ ಅಂಗಡಿ ಬಾಗಿಲಿಗೆ ಕಟ್ಟುವ ಚೆಂಡುಹೂವು, ತಕ್ಕಡಿಗೆ ಹಚ್ಚುವ ಅರಿಶಿನ ಕುಂಕುಮ, ಮಣ್ಣಿನ ಹಣತೆ, ಇವನ್ನೆಲ್ಲ ಒಂದು ದಾರಕ್ಕೆ ಪೋಣಿಸಿದರೆ ಹೇಗಿರುತ್ತೋ ಹಾಗಿರುತ್ತದೆ ಚನ್ನಪಟ್ಟಣದ ಸರ.

ಒಂದು ಮಣಿ ಹುಟ್ಟುವ ಬಗೆ

ಮಣಿಯ ಕಥೆ ಶುರುವಾಗೋದು ಹಾಲೆ ಮರದಿಂದ. ಇಲ್ಲಿನವರ ಬಾಯಲ್ಲಿ ಅದು ಆಲೆ ಮರ. ಕೊಂಬೆ ಮುರಿದರೆ ಹಾಲು ಸೋರುವ ಮರ. ಒಳಗಿನ ತಿರುಳು ಆನೆದಂತದ ಹಾಗೆ ಬೆಳ್ಳಗೆ, ನುಣ್ಣಗೆ ಇರುತ್ತದೆ. ಉಳಿ ಹಿಡಿದರೆ ಸಿಬಿರೇಳದೆ ಬೆಣ್ಣೆಯ ಹಾಗೆ ಕೆತ್ತಲು ಬರುತ್ತದೆ. ಬಿಳಿ ಮರವಾದ್ದರಿಂದ ಮೇಲೆ ಹಚ್ಚಿದ ಬಣ್ಣ ಕಪ್ಪಿಡದೆ ಇದ್ದ ಹಾಗೇ ಕಾಣುತ್ತದೆ. ಇದೇ ಮರದ ಎಲೆಯಿಂದ ಹಿಂದೆ ನೀಲಿ ಬಣ್ಣ ತೆಗೆಯುತ್ತಿದ್ದರು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಕಡಿದ ಮರವನ್ನು ಹಾಗೇ ಲೇತಿಗೆ ಹಾಕುವಂತಿಲ್ಲ. ತಿಂಗಳುಗಟ್ಟಲೆ ಒಣಗಬೇಕು. ಹಸಿ ಮರದಲ್ಲಿ ಮಾಡಿದ ಮಣಿ ಆಮೇಲೆ ಬಿರುಕು ಬಿಡುತ್ತದೆ, ತೂತು ಸೊಟ್ಟಗಾಗುತ್ತದೆ. ಒಣಗಿದ ಮರವನ್ನು ತುಂಡು ಮಾಡಿ, ಒಂದು ತುದಿಯನ್ನು ಲೇತಿನ ಬಾಯಿಗೆ ಬಡಿದು ಕೂರಿಸುತ್ತಾರೆ. ಮೋಟಾರು ಹಾಕಿದರೆ ತುಂಡು ಗಿರ್ರನೆ ತಿರುಗುತ್ತದೆ. ಉಳಿ ತಾಗಿಸಿದರೆ ಮೊದಲು ಕೋಲು ದುಂಡಗಾಗುತ್ತದೆ, ಆಮೇಲೆ ಅದರ ತುದಿಯಲ್ಲಿ ಮಣಿಯ ಆಕಾರ ಮೂಡುತ್ತದೆ. ನಡುವೆ ತೂತು ಕೊರೆಯಬೇಕು. ಕೂದಲೆಳೆ ಅತ್ತಿತ್ತ ಆದರೂ ಸರದಲ್ಲಿ ಆ ಮಣಿ ಒಂದೇ ವಾರೆಯಾಗಿ ನಿಂತು ಮಾನ ಕಳೆಯುತ್ತದೆ.

ಇನ್ನು ಬಣ್ಣ. ಇಲ್ಲಿ ಕುಂಚವೂ ಇಲ್ಲ, ಡಬ್ಬಿಯ ಪೇಂಟೂ ಇಲ್ಲ. ಅರಗನ್ನು ಕಾಯಿಸಿ, ಬಣ್ಣ ಬೆರೆಸಿ, ಎಳೆದು ನಾದಿ ಕಡ್ಡಿ ಮಾಡಿಟ್ಟಿರುತ್ತಾರೆ. ತಿರುಗುತ್ತಿರುವ ಮರಕ್ಕೆ ಆ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಮೇಲಿಂದ ತಾಳೆಗರಿ, ಅಂದರೆ ಕೇದಗೆಯ ಒಣ ಎಲೆ, ಒತ್ತಿ ಹಿಡಿಯುತ್ತಾರೆ. ಅರಗು ಎಲ್ಲ ಕಡೆ ಸಮನಾಗಿ ಹರಡಿ ಕನ್ನಡಿ ಹೊಳಪು ಬರುತ್ತದೆ. ಕೊನೆಗೆ ಉಳಿಯ ಮೊನೆ ತಾಗಿಸಿದರೆ ಮಣಿ ಕಳಚಿ ಕೆಳಗೆ ಬೀಳುತ್ತದೆ. ಒಂದು ಮುಗೀತು. ಮತ್ತೊಂದು ಶುರು.

ಇಷ್ಟೂ ಕೆಲಸ ಬೆರಳಿನ ಅಂದಾಜಿನ ಮೇಲೆ ನಿಂತಿದೆ. ಅರಗು ಜಾಸ್ತಿ ಒತ್ತಿದರೆ ಗಂಟು, ಕಡಿಮೆ ಒತ್ತಿದರೆ ಮಚ್ಚೆ. ಮರದ ಧೂಳು ಮೂಗಿಗೆ, ಉಳಿಯ ಏಟು ಬೆರಳಿಗೆ. ಕರೆಂಟು ಹೋದರೆ ಅವತ್ತಿನ ಕೂಲಿಯೂ ಹೋದ ಹಾಗೆ.

ಬಣ್ಣ ಅಡುಗೆಮನೆಯದು, ಅರಗು ಕಾಡಿನದು

ಒಳ್ಳೇ ಮಣಿಯ ಹಳದಿಗೆ ಅರಿಶಿನ. ಕಿತ್ತಳೆಗೆ ರಂಗಮಾಲೆ ಗಿಡದ ಬೀಜ. ಕೆಂಪಿಗೆ ಮಂಜಿಷ್ಠದ ಬೇರು. ಕಂದಿಗೆ ಎಲೆಅಡಿಕೆಯ ಕಾಚು. ನೀಲಿಗೆ ನೀಲಿಗಿಡ. ಹಸಿರು ಬೇಕಾದರೆ ನೀಲಿಗೆ ಅರಿಶಿನ ಬೆರೆಸಿದರಾಯಿತು. ನಡುವೆ ಪುಡಿಬಣ್ಣ, ರಾಸಾಯನಿಕ ಬಣ್ಣಗಳು ಬಂದು ಈ ಪದ್ಧತಿ ಹಿಂದೆ ಬಿದ್ದಿತ್ತು. ಚೀನಾದಲ್ಲಿ ತಯಾರಾದ ಲಕ್ಷಾಂತರ ಆಟಿಕೆಗಳನ್ನು ಬಣ್ಣದಲ್ಲಿ ಸೀಸ ಇದೆ ಅನ್ನೋ ಕಾರಣಕ್ಕೆ 2007ರಲ್ಲಿ ಹೊರದೇಶದ ಕಂಪನಿಗಳು ಮಾರುಕಟ್ಟೆಯಿಂದ ವಾಪಸು ತೆಗೆಸಿದವು. ಮಗು ಬಾಯಿಗಿಟ್ಟರೆ, ಮೈಗೆ ತಾಗಿದರೆ ಏನಾಗುತ್ತೆ ಅಂತ ಕೇಳುವ ಗಿರಾಕಿಗೆ ಅರಿಶಿನಕ್ಕಿಂತ ಒಳ್ಳೇ ಉತ್ತರ ಯಾವುದಿದೆ?

ಅರಗು ಎಲ್ಲಿಂದ ಬರುತ್ತದೆ? ಅದೊಂದು ಸಣ್ಣ ಹುಳುವಿನ ಅಂಟು. ಮುತ್ತುಗ, ಬೋರೆ ಮುಂತಾದ ಮರಗಳ ಎಳೆ ಕೊಂಬೆಗೆ ಅಂಟಿಕೊಂಡು ರಸ ಹೀರಿ ತನ್ನ ಸುತ್ತ ತಾನೇ ಕಟ್ಟಿಕೊಳ್ಳುವ ಕೋಟೆ. ದೇಶದಲ್ಲಿ ಹೆಚ್ಚು ಅರಗು ಬೆಳೆಯೋದು ಜಾರ್ಖಂಡ್, ಛತ್ತೀಸಗಢದ ಕಡೆ. ಅಲ್ಲಿ ಮುಂಗಾರಿನ ಹೊತ್ತಿಗೆ ಹುಳು ಬಿಟ್ಟು ಅಕ್ಟೋಬರ್–ನವೆಂಬರ್‌ನಲ್ಲಿ ಕೊಯ್ಯುವ ಒಂದು ಫಸಲಿಗೆ ‘ಕತ್ಕಿ’ ಎಂದೇ ಹೆಸರು. ಅಂದರೆ ಕಾರ್ತಿಕದ ಫಸಲು. ಅರಗಿನ ಬಗ್ಗೆ ಸಂಶೋಧನೆ ಮಾಡಲೆಂದೇ ರಾಂಚಿಯಲ್ಲಿ 1924ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಜಾರ್ಖಂಡದ ಕಾಡಿನ ಹುಳು ಕಟ್ಟಿದ ಅಂಟು, ನಮ್ಮ ಹೊಲದ ಅರಿಶಿನ, ನಮ್ಮ ಕಾಡಿನ ಹಾಲೆ ಮರ, ಎಲ್ಲ ಸೇರಿ ಒಂದು ಮಣಿ.

ಹಳೇ ಊರು, ಹಳೇ ಕಸುಬು

ಚನ್ನಪಟ್ಟಣಕ್ಕೆ ಕೈಕಸುಬು ಹೊಸದೇನಲ್ಲ. ಟಿಪ್ಪು ಸುಲ್ತಾನ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿನವರಿಗೆ ಅರಗಿನ ಕೆಲಸ ಕಲಿಸಿದ ಅನ್ನೋದು ತಲೆಮಾರಿನಿಂದ ಬಂದ ಮಾತು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಈ ದಾರಿಯಲ್ಲಿ ಬಂದ ಬ್ರಿಟಿಷ್ ಅಧಿಕಾರಿ ಫ್ರಾನ್ಸಿಸ್ ಬುಕಾನನ್ ಇಲ್ಲಿ ಗಾಜಿನ ಬಳೆ ಮಾಡುವವರನ್ನೂ, ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವವರನ್ನೂ ಕಂಡು ಬರೆದಿಟ್ಟಿದ್ದಾನೆ. ಅಂದರೆ ಹೆಂಗಸರ ಒಡವೆಗೂ ಈ ಊರಿಗೂ ನಂಟು ಹಳೆಯದೇ. ಮುಂದೆ ಬಾವಾಸ್ ಮಿಯಾನ್ ಎಂಬ ಕುಶಲಿಗರು ಜಪಾನಿನ ತಂತ್ರವನ್ನು ಇಲ್ಲಿನ ಕೆಲಸಕ್ಕೆ ಅಳವಡಿಸಿದರು. ಚನ್ನಪಟ್ಟಣದ ಗೊಂಬೆಗಳ ಪಿತಾಮಹ ಅಂತ ಇವತ್ತಿಗೂ ನೆನೆಯೋದು ಅವರನ್ನೇ.

2006ರ ಅಕ್ಟೋಬರ್ ಹೊತ್ತಿನ ಲೆಕ್ಕದಲ್ಲಿ ಊರಿನ 254 ಮನೆ ಘಟಕಗಳು, 50 ಸಣ್ಣ ಕಾರ್ಖಾನೆಗಳಲ್ಲಿ 6,000ಕ್ಕೂ ಹೆಚ್ಚು ಜನ ಈ ಕಸುಬು ಮಾಡುತ್ತಿದ್ದರು. ಸರ್ಕಾರ 32 ಲೇತುಗಳಿರುವ ಅರಗಿನ ಕರಕುಶಲ ಸಂಕೀರ್ಣ ಕಟ್ಟಿಸಿತು. ‘ವಿಶ್ವ’ ಯೋಜನೆಯಲ್ಲೂ ಡಚ್ ಸರ್ಕಾರದ ನೆರವಿನಲ್ಲೂ ಕುಶಲಕರ್ಮಿಗಳಿಗೆ ಹಣಸಹಾಯ ಬಂತು. 2015ರಲ್ಲಿ ದೆಹಲಿಯ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಕರ್ನಾಟಕದ ಸ್ತಬ್ಧಚಿತ್ರವೇ ಚನ್ನಪಟ್ಟಣದ ಗೊಂಬೆಗಳದ್ದಾಯಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೋ ಭಾಷಣದಲ್ಲಿ ಊರಿನ ಹೆಸರು ಹೇಳಿದರು. ಚಪ್ಪಾಳೆಗೇನೂ ಕಡಿಮೆಯಾಗಿಲ್ಲ.

ರಸ್ತೆ ಪಕ್ಕಕ್ಕೆ ಸರಿಯಿತು

ಚಪ್ಪಾಳೆ ತಟ್ಟಿದ್ದು ದೆಹಲಿಯಲ್ಲಾದರೆ ಏಟು ಬಿದ್ದಿದ್ದು ಊರಿನ ಪಕ್ಕದಲ್ಲೇ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. 118 ಕಿಲೋಮೀಟರು, ಸುಮಾರು 8,480 ಕೋಟಿ ರೂಪಾಯಿ ಖರ್ಚು. ಮೂರು ಗಂಟೆಯ ದಾರಿ ಒಂದೂಕಾಲು ಗಂಟೆಗೆ ಇಳಿಯುತ್ತೆ ಅಂತ ಹೇಳಿದರು. ಆಸ್ಪತ್ರೆಗೆ ಓಡುವವರಿಗೆ, ಸರಕು ಸಾಗಿಸುವವರಿಗೆ ಅನುಕೂಲವಾಗಿದೆ, ಇಲ್ಲ ಅನ್ನೋ ಹಾಗಿಲ್ಲ. ಆದರೆ ಆ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಪಕ್ಕಕ್ಕೆ ಸರಿಸಿ ಹೋಗಿದೆ.

ಮೊದಲು ಮೈಸೂರಿಗೆ ಹೋಗುವ ಕಾರು ಊರೊಳಗೇ ಬರಬೇಕಿತ್ತು. ಮಗು ಕುದುರೆ ನೋಡಿ ಅಳುತ್ತಿತ್ತು, ಅಪ್ಪ ಗಾಡಿ ನಿಲ್ಲಿಸುತ್ತಿದ್ದ, ಅಮ್ಮ ಇಳಿದು ಸರ ನೋಡುತ್ತಿದ್ದಳು. ಈಗ ಮಗುವಿಗೆ ಕುದುರೆಯೇ ಕಾಣೋದಿಲ್ಲ, ಇನ್ನು ಅಳೋದೆಲ್ಲಿಂದ? ಹೊಸ ರಸ್ತೆಯಲ್ಲಿ ಹೋಗುವ ತಡೆರಹಿತ ಬಸ್ಸಿಗೂ ಈ ಊರು ಸಿಗೋದಿಲ್ಲ. ಹಳೇ ರಸ್ತೆಯಲ್ಲಿ ಉಳಿದಿರೋದು ಊರೂರಿಗೆ ನಿಲ್ಲುವ ಬಸ್ಸು, ಟೆಂಪೋ, ಬೈಕು, ಆಟೋ. ಅದರಲ್ಲಿ ಹೋಗುವವರು ಊರಿನವರೇ. ದಿನಾ ನೋಡುವ ಕುದುರೆಯನ್ನು ದಿನಾ ಯಾರು ಕೊಳ್ಳುತ್ತಾರೆ?

ಮದ್ದೂರಿನ ವಡೆಗೆ ಬಿದ್ದ ಏಟೇ ಚನ್ನಪಟ್ಟಣದ ಗೊಂಬೆಗೂ ಬಿದ್ದಿದೆ. ವಡೆಯನ್ನಾದರೂ ಬುಟ್ಟಿಯಲ್ಲಿ ಹೊತ್ತು ರೈಲು ಹತ್ತಬಹುದು. ಮರದ ತೂಗುಕುದುರೆಯನ್ನು ಹೊತ್ತು ಎಲ್ಲಿಗೆ ಹೋಗೋದು?

ಇಲ್ಲಿ ಕೆಲಸಕ್ಕೆ ಬರೋದು ಮಣಿ. ಕುದುರೆ ಕಳಿಸಬೇಕಾದರೆ ಪೆಟ್ಟಿಗೆ ಬೇಕು, ಲಾರಿ ಬಾಡಿಗೆ ಬೇಕು, ದಾರಿಯಲ್ಲಿ ಕಿವಿ ಮುರಿದರೆ ನಷ್ಟ. ಮಣಿಸರ ಒಂದು ಲಕೋಟೆಯಲ್ಲಿ ಹೋಗುತ್ತದೆ. ಗಿರಾಕಿ ರಸ್ತೆಗೆ ಬರದಿದ್ದರೆ ಸರಕೇ ಅಂಚೆಯಲ್ಲಿ ಗಿರಾಕಿಯ ಮನೆಗೆ ಹೋಗಬಹುದು. ಕುದುರೆಗೆ ಸಾಲದ ಮರದ ಚೂರಿನಲ್ಲೂ ಮಣಿ ಹುಟ್ಟುತ್ತದೆ. ಮಗುವಿಗೆ ಒಂದು ಬುಗುರಿ ಕೊಂಡರೆ ಮುಗೀತು. ಹೆಂಗಸರಿಗೆ ಸೀರೆಗೊಂದು ಸರ ಬೇಕು, ಹಬ್ಬಕ್ಕೊಂದು ಓಲೆ ಬೇಕು. ಜತೆಗೆ ಬಣ್ಣ ಕೂಡಿಸೋದು, ದಾರಕ್ಕೆ ಪೋಣಿಸೋದು, ಗಂಟು ಹಾಕೋದು, ಕೊಂಡಿ ಸಿಕ್ಕಿಸೋದು ಮನೆಯಲ್ಲೇ ಕೂತು ಮಾಡುವ ಕೆಲಸ. ಲೇತಿನ ಮುಂದೆ ಬಹುಪಾಲು ಗಂಡಸರೇ ಕೂರುತ್ತಿದ್ದ ಈ ಕಸುಬಿನಲ್ಲಿ ಹೆಂಗಸರ ಕೈಗೆ ನಾಲ್ಕು ಕಾಸು ಬರುವ ದಾರಿ ಇದೇ.

ಲೆಕ್ಕ ಹಾಕಿ ನೋಡಿ

ಹಾಗಾದರೆ ಕಷ್ಟ ಎಲ್ಲಿದೆ? ಬೆಲೆಯಲ್ಲಿದೆ.

ಒಂದು ಸರಕ್ಕೆ 60 ಮಣಿ ಅಂತ ಇಟ್ಟುಕೊಳ್ಳಿ. ಪಳಗಿದ ಕೈ ಒಂದು ಮಣಿಗೆ ಒಂದೇ ನಿಮಿಷ ತಗೊಳ್ಳುತ್ತೆ ಅಂತಲೇ ಇಟ್ಟುಕೊಳ್ಳಿ. ಅಲ್ಲಿಗೆ ಲೇತಿನ ಮುಂದೆ ಒಂದು ಗಂಟೆ. ಪೋಣಿಸೋದಕ್ಕೆ ಇನ್ನಷ್ಟು ಹೊತ್ತು. ಮರ, ಅರಗು, ಬಣ್ಣ, ಕರೆಂಟು, ದಾರ, ಕೊಂಡಿ ಬೇರೆ. ಇಷ್ಟಾದ ಮೇಲೆ ಆ ಸರ ಎಷ್ಟಕ್ಕೆ ಹೋಗಬೇಕು ಅನ್ನೋದನ್ನು ಅಂಗಡಿ ನಡೆಸೋರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅಂಗಡಿ ಮೆಟ್ಟಿಲ ಮೇಲೆ ನಡೆಯೋ ಮಾತು ಹೀಗಿರುತ್ತದೆ:

“ಎಷ್ಟಣ್ಣಾ ಈ ಸರ?”

“ನೋಡಿ ಅಕ್ಕಾ, ಕೈಯಲ್ಲೇ ಮಾಡಿದ್ದು, ಅರಿಶಿನದ ಬಣ್ಣ...”

“ಮರದ ಮಣಿಗೆ ಇಷ್ಟಾ? ಜಾತ್ರೇಲಿ ಇದರ ಅರ್ಧಕ್ಕೆ ಕೊಡ್ತಾರೆ ಬಿಡಣ್ಣಾ!”

ಜಾತ್ರೆಯಲ್ಲಿ ಅರ್ಧಕ್ಕೆ ಸಿಗೋದು ಪ್ಲಾಸ್ಟಿಕ್ ಮಣಿ, ಇಲ್ಲವೇ ಯಂತ್ರದಲ್ಲಿ ಸಾವಿರಗಟ್ಟಲೆ ಉದುರಿಸಿ ಪೇಂಟಿನಲ್ಲಿ ಅದ್ದಿ ತೆಗೆದ ಮಣಿ. ದೂರದಿಂದ ಎರಡೂ ಒಂದೇ ಥರ ಕಾಣುತ್ತೆ.

ಇನ್ನೊಂದು ಪೇಚೂ ಇದೆ. ಮಣಿಯನ್ನು ಬಿಡಿಯಾಗಿ, ನೂರರ ಲೆಕ್ಕದಲ್ಲಿ ಕೊಟ್ಟರೆ ಸಿಗೋದು ಮಣಿಯ ದುಡ್ಡು ಮಾತ್ರ. ಅದೇ ಮಣಿ ದೊಡ್ಡ ಊರಿಗೆ ಹೋಗಿ, ನಾಲ್ಕು ಬಣ್ಣ ಕೂಡಿ, ಹಿತ್ತಾಳೆಯ ಕೊಂಡಿ ಹಾಕಿಸಿಕೊಂಡು, ಚಂದದ ಪೆಟ್ಟಿಗೆಯಲ್ಲಿ ಕೂತರೆ ಅದರ ಬೆಲೆಯೇ ಬೇರೆ. ಧೂಳು ಕುಡಿದವನು ಒಬ್ಬ, ಲಾಭ ಎಣಿಸಿದವನು ಇನ್ನೊಬ್ಬ. ಕೊಂಡಿ ಹಾಕಿ ಸರ ಮಾಡುವ ಕೊನೇ ಕೆಲಸ ಚನ್ನಪಟ್ಟಣದಲ್ಲೇ ಆದರೆ ಆ ದುಡ್ಡೂ ಚನ್ನಪಟ್ಟಣದಲ್ಲೇ ಉಳಿಯುತ್ತದೆ. ಊರಿನ ಮಣಿಕೆಲಸ ಬದುಕುತ್ತದೋ ಇಲ್ಲವೋ ಅನ್ನೋದು ಬಹುಮಟ್ಟಿಗೆ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಹೆಸರು ಗೊಂಬೆಗಾಯ್ತು, ಸರಕ್ಕೆ?

2005–06ರಲ್ಲಿ ಚನ್ನಪಟ್ಟಣಕ್ಕೆ ಭೌಗೋಳಿಕ ಗುರುತಿನ ನೋಂದಣಿ ಸಿಕ್ಕಿತು. ಮೈಸೂರು ರೇಷ್ಮೆಗೆ ಇರುವಂಥದ್ದೇ ಮುದ್ರೆ. ಬೇರೆ ಊರಿನ ಮಾಲಿಗೆ ಈ ಊರಿನ ಹೆಸರು ಅಂಟಿಸಿ ಮಾರಬಾರದು ಅನ್ನೋದು ಅದರ ತಾತ್ಪರ್ಯ. ಆದರೆ ನೋಂದಣಿಯ ಹೆಸರು ‘ಚನ್ನಪಟ್ಟಣದ ಆಟಿಕೆ ಮತ್ತು ಗೊಂಬೆಗಳು’ ಎಂದಿದೆ. ಸರ, ಓಲೆ, ಬಳೆ ಅನ್ನೋ ಮಾತು ಆ ಹೆಸರಿನಲ್ಲಿಲ್ಲ. ಗೊಂಬೆಗಿಂತ ಮಣಿಗೇ ನಕಲು ಸುಲಭ ಅನ್ನೋದು ಗೊತ್ತಿದ್ದೂ ಮಣಿಯ ಬಗ್ಗೆ ಸ್ಪಷ್ಟ ಮಾತು ಬೇಡವೇ? ಜತೆಗೆ ಈ ಮುದ್ರೆಯನ್ನು ಬಳಸಲು ಕೆಲಸಗಾರರು ತಮ್ಮ ಹೆಸರನ್ನೂ ಅಧಿಕೃತ ಬಳಕೆದಾರರ ಪಟ್ಟಿಗೆ ಸೇರಿಸಬೇಕು. ಲೇತಿನ ಮುಂದೆ ಕೂತವರಿಗೆ ಅರ್ಜಿ ತುಂಬಿ ಕಚೇರಿ ಅಲೆಯಲು ಬಿಡುವೆಲ್ಲಿ? ಆ ಅರ್ಜಿ ತುಂಬಿಸಿ ಕೊಡುವ ಕೆಲಸವನ್ನಾದರೂ ಸಂಬಂಧಪಟ್ಟವರು ಮಾಡಬಾರದೇ?

ಮರದ ಮಾತೂ ಇದೆ. ಹಾಲೆ ಮರ ನಿಂತ ನಿಲುವಿನಲ್ಲಿ ಬೆಳೆಯೋದಿಲ್ಲ. ಕಡಿದಷ್ಟು ನೆಡದಿದ್ದರೆ ನಾಳೆ ಏನು ಗತಿ? ರಬ್ಬರ್ ಮರ, ಸಿಲ್ವರ್ ಓಕ್ ತಂದು ಸುಧಾರಿಸುವ ಕಾಲವೂ ಬಂದಿದೆ. ಆದರೆ ಹಾಲೆಯ ಬಿಳುಪು ಹಾಲೆಗೇ. ಹೊಲದ ಬದುವಿಗೆ, ಊರ ಗೋಮಾಳಕ್ಕೆ ನಾಲ್ಕು ಹಾಲೆ ಸಸಿ ನೆಡೋದಕ್ಕೆ ಕೋಟಿಗಟ್ಟಲೆ ಹಣವೇನೂ ಬೇಕಿಲ್ಲ.

ಕೊಳ್ಳೋರು, ಮಾರೋರು ಗಮನಿಸಿ

ಅಸಲಿ ಅರಗಿನ ಮಣಿಯ ಮೇಲೆ ಕುಂಚದ ಗೆರೆ ಇರೋದಿಲ್ಲ. ಪೇಂಟು ಸೋರಿ ಗಟ್ಟಿಯಾದ ಹನಿಯೂ ಇರೋದಿಲ್ಲ. ಬೆರಳಿಗೆ ಗಾಜಿನ ಹಾಗೆ ನುಣ್ಣಗೆ, ತೂಕಕ್ಕೆ ಹಗುರ. ಕೈಯಲ್ಲಿ ಮಾಡಿದ್ದಾದ್ದರಿಂದ ಒಂದು ಮಣಿ ಇನ್ನೊಂದರ ಪಡಿಯಚ್ಚಾಗಿರೋದಿಲ್ಲ. ಕೂದಲೆಳೆ ವ್ಯತ್ಯಾಸ ಇದ್ದೇ ಇರುತ್ತೆ. ಅದು ದೋಷವಲ್ಲ, ಕೈಯ ಸಹಿ.

ಅರಗು ಬಿಸಿಗೆ ಮೆತ್ತಗಾಗುವ ಪದಾರ್ಥ. ಸರವನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ, ಒಲೆ ಪಕ್ಕ ಇಡಬೇಡಿ. ಸ್ಪಿರಿಟ್ಟಿಗೆ ಅರಗು ಕರಗುತ್ತದೆ. ಆದ್ದರಿಂದ ಸೆಂಟು ಹಾಕಿಕೊಂಡು ಅದು ಆರಿದ ಮೇಲೆ ಸರ ಹಾಕಿಕೊಳ್ಳಿ. ಕೊಳೆಯಾದರೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು, ನೀರಿನಲ್ಲಿ ನೆನೆಹಾಕಬೇಡಿ. ಅಂಗಡಿಯವರಿಗೂ ಒಂದು ಮಾತು. ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ. ಹಳದಿ ಸರವನ್ನು ಬೀದಿಗೆ ಕಾಣಲಿ ಅಂತ ಬಿಸಿಲು ಬೀಳುವ ಜಾಗದಲ್ಲಿ ತೂಗುಹಾಕಿದರೆ ತಿಂಗಳು ಕಳೆಯೋದರಲ್ಲಿ ನಿಮ್ಮ ಮಾಲೇ ನಿಮ್ಮ ಮೇಲೆ ಚಾಡಿ ಹೇಳುತ್ತೆ!

ಕಣ್ಣು ತೆರೆಯುವವರು ಯಾರು?

8,480 ಕೋಟಿ ಖರ್ಚು ಮಾಡಿದ ರಸ್ತೆಯ ಪಕ್ಕ ‘ಚನ್ನಪಟ್ಟಣದ ಗೊಂಬೆ, ಮಣಿ ಬೇಕಾದವರು ಇಲ್ಲಿ ಇಳಿಯಿರಿ’ ಅಂತ ದೊಡ್ಡದೊಂದು ಬೋರ್ಡು ನೆಡೋದು ಸರ್ಕಾರಕ್ಕೆ ಭಾರವೇ? ಹೊಸ ರಸ್ತೆಯಲ್ಲಿ ಪ್ರಯಾಣಿಕರು ಟೀ ಕುಡಿಯಲು ನಿಲ್ಲುವ ಕಡೆ ಕುಶಲಕರ್ಮಿಗಳ ಸಂಘಕ್ಕೆ ಒಂದು ಮಳಿಗೆ ಕೊಟ್ಟರೆ ಯಾರಿಗೆ ನಷ್ಟ? ಹೆಣ್ಣುಮಕ್ಕಳಿಗೆ ಬಣ್ಣ ಕೂಡಿಸುವ, ಕೊಂಡಿ ಹಾಕುವ ಕೆಲಸದಲ್ಲಿ ತರಬೇತಿ ಕೊಟ್ಟು, ಅಂಚೆಯಲ್ಲಿ ಕಳಿಸುವ ವ್ಯವಸ್ಥೆ ಮಾಡಿದರೆ ಮಣಿಯ ಬೆಲೆ ಊರಲ್ಲೇ ಉಳಿಯೋದಿಲ್ಲವೇ? ಕೇಳುವವರು ಕೇಳುತ್ತಲೇ ಇದ್ದಾರೆ. ಕೇಳಿಸಿಕೊಳ್ಳಬೇಕಾದವರು ಬೈಪಾಸಿನಲ್ಲಿ ಹೋಗುತ್ತಿದ್ದಾರೆ.

ಅಲ್ಲಿವರೆಗೆ ಊರಿನವರು ಮಾಡಬಹುದಾದ್ದು ಇಷ್ಟೇ. ಈ ದಸರೆಗೆ ಮಗಳಿಗೋ ಸೊಸೆಗೋ ಏನಾದರೂ ಕೊಡಬೇಕು ಅಂದುಕೊಂಡಿರುವವರು ಹಳೇ ರಸ್ತೆಯ ಬಸ್ಸು ಹತ್ತಲಿ. ಕುದುರೆಗಳ ಸಾಲು ಕಂಡ ಕೂಡಲೇ “ಚನ್ನಪಟ್ಟಣ ಇಳೀರಿ” ಅಂತ ಕಂಡಕ್ಟರ್ ಕೂಗೋ ಮುಂಚೆಯೇ ಎದ್ದು ನಿಲ್ಲಲಿ. ಗಲ್ಲಾಪೆಟ್ಟಿಗೆ ಪಕ್ಕದ ಮೊಳೆಯಿಂದ ಒಂದು ಸರ ಇಳಿಸಿ ನೋಡಲಿ. ಬೆಲೆ ಕೇಳಿದಾಗ, ಜಾತ್ರೆಯ ಮಾತು ಎತ್ತುವ ಮುಂಚೆ, ಒಂದು ಸಲ ಮಣಿ ಎಣಿಸಲಿ.